ಬೆಳಿಗ್ಗೆ 10.06, ಮಧ್ಯಾಹ್ನ 9.63 ಕಿಲೋಹರ್ಟ್ಸ್: ನನ್ನ ಓಟಿಎ ಆಸಿಲೇಟರ್ ಯಾಕೆ ಜಾರುತ್ತಿದೆ?

ಸಿಂಧನೂರು ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಕೊನೇ ವರ್ಷ ಓದುತ್ತಿದ್ದೇನೆ. ಊರು ಸಿಂಧನೂರಿನ ಪಕ್ಕದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ನಮ್ಮದೆಲ್ಲ ಭತ್ತ.

ಈ ಪ್ರಾಜೆಕ್ಟ್ ಯಾಕೆ ಹಿಡಿದೆ ಅಂತ ಮೊದಲು ಹೇಳುತ್ತೇನೆ. ಹೋದ ವರ್ಷ ಬೇಸಿಗೆ ಬೆಳೆ ಮಾರುವಾಗ ಒಂದೇ ರಾಶಿಯ ಭತ್ತಕ್ಕೆ ಬೆಳಿಗ್ಗೆ ತೇವಾಂಶ ಶೇಕಡಾ 17 ಅಂತ ಬಂತು, ಮಧ್ಯಾಹ್ನ 18 ದಾಟಿತು. ಸರ್ಕಾರಿ ಖರೀದಿಗೆ 17ರ ಮೇಲೆ ಹೋಗಬಾರದು. ಅಪ್ಪ ರಾಶಿಯನ್ನು ಮತ್ತೆ ಹರವಿ, ಎರಡು ರಾತ್ರಿ ಅಲ್ಲೇ ಕಾದು ಕೂತರು. ಆ ಮೀಟರ್ ಒಳಗೆ ಏನಿದೆ, ಯಾಕೆ ಹಾಗೆ ಮಾಡಿತು ಅಂತ ತಿಳಿಯಬೇಕು ಅನ್ನಿಸಿತು. ಅದಕ್ಕೆ ನಾನೇ ಒಂದು ಮೀಟರ್ ಕಟ್ಟುತ್ತಿದ್ದೇನೆ.

ಎರಡು ತಾಮ್ರದ ತಗಡು ಎದುರುಬದುರು ಇಟ್ಟ ಡಬ್ಬಿ. ಅದರಲ್ಲಿ ಭತ್ತ ತುಂಬಿದರೆ ಅದೇ ಒಂದು ಕೆಪಾಸಿಟರ್. ಒಣ ಕಾಳಿಗಿಂತ ನೀರಿನ ಪರ್ಮಿಟಿವಿಟಿ (ಚಾರ್ಜ್ ಹಿಡಿಸುವ ಗುಣ) ತುಂಬಾ ಜಾಸ್ತಿ, ಸುಮಾರು 80. ಹಾಗಾಗಿ ತೇವ ಏರಿದರೆ ಕೆಪಾಸಿಟೆನ್ಸ್ ಏರುತ್ತದೆ. ಡಬ್ಬಿಗೆ ಸೈನ್ ಅಲೆ ಕೊಟ್ಟು, ಹರಿಯುವ ಕರೆಂಟನ್ನು ಅಲೆಯ ಎತ್ತರದಿಂದ ಭಾಗಿಸುತ್ತೇನೆ. ಒಂದೇ ಫ್ರೀಕ್ವೆನ್ಸಿ ಸಾಲದು, 1ರಿಂದ 20 ಕಿಲೋಹರ್ಟ್ಸ್‌ವರೆಗೆ ಓಡಿಸಿ ನೋಡಬೇಕು. ಅದಕ್ಕೇ ಕರೆಂಟಿನಿಂದ ಟ್ಯೂನ್ ಆಗುವ ಆಸಿಲೇಟರ್, ಅಂದರೆ ಅಲೆ ಹುಟ್ಟಿಸುವ ಸರ್ಕ್ಯೂಟ್ ಬೇಕಾಯಿತು.

ಸರ್ಕ್ಯೂಟ್ ಹೀಗಿದೆ. ಎರಡು ಎಲ್‌ಎಂ13700, ಅಂದರೆ ನಾಲ್ಕು ಓಟಿಎ. ಓಟಿಎ ಅಂದರೆ ವೋಲ್ಟೇಜ್ ಕೊಟ್ಟರೆ ಕರೆಂಟ್ ಹೊರಬಿಡುವ ಆಂಪ್, ಅದು ಎಷ್ಟು ಚುರುಕು ಅನ್ನುವುದನ್ನು ಬಯಾಸ್ ಕರೆಂಟಿನಿಂದ ಬದಲಿಸಬಹುದು. ಮೊದಲ ಐಸಿಯ ಎರಡೂ ಓಟಿಎ ಇಂಟಿಗ್ರೇಟರ್, ಒಂದೊಂದಕ್ಕೂ 1.5 ನ್ಯಾನೋಫ್ಯಾರಡ್. ಎರಡನ್ನೂ ಸುತ್ತು ಹಾಕಿ ಕಟ್ಟಿದ್ದೇನೆ, ಒಂದರ ಚಿಹ್ನೆ ತಿರುಗಿಸಿ. ಇನ್‌ಪುಟ್‌ಗಳಲ್ಲಿ 100ಕೆ ಮತ್ತು 1ಕೆ ಡಿವೈಡರ್, ನಡುವೆ ಟಿಎಲ್072 ಫಾಲೋಯರ್. ಎರಡನೇ ಐಸಿಯ ಒಂದು ಓಟಿಎ ನೆಗೆಟಿವ್ ರೆಸಿಸ್ಟರ್, ಇನ್ನೊಂದು ಸಾದಾ ರೆಸಿಸ್ಟರ್. ಆಸಿಲೇಷನ್ ಶುರುವಾಗುವುದು ಇವೆರಡರಿಂದ, ಫ್ರೀಕ್ವೆನ್ಸಿ ಮೊದಲ ಎರಡರಿಂದ. ಒಂದನ್ನು ಬದಲಿಸಿದರೆ ಇನ್ನೊಂದು ಕೆಡುವುದಿಲ್ಲ. ಪ್ಲಸ್ ಮೈನಸ್ 12 ವೋಲ್ಟ್. ಬಯಾಸ್ ಕರೆಂಟ್ ಎಂಸಿಪಿ4921 ಎಂಬ, ಅಂಕಿಯನ್ನು ವೋಲ್ಟೇಜ್ ಮಾಡುವ ಡ್ಯಾಕ್‌ನಿಂದ ಬರುತ್ತದೆ. ಡ್ಯಾಕ್‌ಗೆ ರೆಫರೆನ್ಸ್ ಟಿಎಲ್431, 2.5 ವೋಲ್ಟ್. ಡ್ಯಾಕ್ ಆದ ಮೇಲೆ ಆಪ್‌ಆಂಪ್ ಮತ್ತು ಟ್ರಾನ್ಸಿಸ್ಟರ್ ಸೇರಿ ವೋಲ್ಟೇಜನ್ನು ಕರೆಂಟ್ ಮಾಡುತ್ತವೆ.

ಒಂದೊಂದು ಓಟಿಎಗೆ 500 ಮೈಕ್ರೋಆಂಪ್ ಕೊಟ್ಟಾಗ ಬೆಳಿಗ್ಗೆ 8ಕ್ಕೆ 10.06 ಕಿಲೋಹರ್ಟ್ಸ್. ಮಧ್ಯಾಹ್ನ 3ಕ್ಕೆ 9.63. ಕರೆಂಟ್ ಮೀಟರ್ ಇಟ್ಟು ನೋಡಿದೆ, 500 ಅಂದರೆ 500, ಅಲುಗಾಡಿಲ್ಲ. ಅಲೆಯ ಎತ್ತರ ಬೆಳಿಗ್ಗೆ 2 ವೋಲ್ಟ್ ಪೀಕ್, ಮಧ್ಯಾಹ್ನ 2.08. ಭತ್ತದ ಡಬ್ಬಿ ತೆಗೆದು 100 ಪಿಕೋಫ್ಯಾರಡ್ ಸಿಲ್ವರ್ ಮೈಕಾ ಹಾಕಿದರೂ ರೀಡಿಂಗ್ ಅಷ್ಟೇ ಇಳಿಯುತ್ತದೆ. ಹಾಗಾದರೆ ತಪ್ಪು ಭತ್ತದ್ದಲ್ಲ, ನನ್ನ ಸರ್ಕ್ಯೂಟ್‌ದು. ಎಲ್ಲಿ ಅಂತ ಗೊತ್ತಾಗುತ್ತಿಲ್ಲ. ರಿವ್ಯೂ ಮುಂದಿನ ತಿಂಗಳು.

ಲಿಂಗಸುಗೂರು ಲ್ಯಾಬ್:

ಮೊದಲು ಕೆಪಾಸಿಟರ್ ನೋಡಿ. ಯಾವ ಬಗೆ? ಸಾದಾ ಸೆರಾಮಿಕ್ ಆಗಿದ್ದರೆ ಅದೇ ಕಾರಣ ಇರಬಹುದು. ಎಕ್ಸ್7ಆರ್ ಕೂಡ ಬಿಸಿಗೆ ಸಾಕಷ್ಟು ಬದಲಾಗುತ್ತದೆ. ಟೈಮಿಂಗ್ ಜಾಗದಲ್ಲಿ ಅದನ್ನು ಹಾಕಲೇಬಾರದು.

ಸಿಂಧನೂರು ಹುಡುಗಿ:

ಸೆರಾಮಿಕ್ ಅಲ್ಲ ಸರ್. ಹಳದಿ ಬಣ್ಣದ ಪಾಲಿಯೆಸ್ಟರ್.

ಕೌಲ್ ಬಜಾರ್ ಬೆಸುಗೆ:

ತಂಗಿ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಬೇಕಾದ ಅಂಕಿಗಳನ್ನೆಲ್ಲ ನೀನೇ ಕೊಟ್ಟಿದ್ದೀಯ. ಇಷ್ಟು ಚೆನ್ನಾಗಿ ಅಳೆದು ಕೇಳುವವರು ಕಡಿಮೆ.

ನಾನು ಬಳ್ಳಾರಿಯವನು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಂದು ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೆ. ಈಗ ಮನೆ ಮುಂದಿನ ಕೋಣೆಯಲ್ಲಿ ರಿಪೇರಿ ಮಾಡುತ್ತೇನೆ.

ಒಂದು ಮಾತು ಕೇಳುತ್ತೇನೆ. ಬೆಳಿಗ್ಗೆ 8ಕ್ಕೆ ನಿಮ್ಮ ಲ್ಯಾಬ್‌ನಲ್ಲಿ ಎಷ್ಟು ಡಿಗ್ರಿ ಇತ್ತು? ಮಧ್ಯಾಹ್ನ 3ಕ್ಕೆ ಎಷ್ಟು? ಏಪ್ರಿಲ್ ತಿಂಗಳ ರಾಯಚೂರು ಅಂದರೆ ನಾನು 30 ಮತ್ತು 42 ಅಂತ ಇಟ್ಟುಕೊಳ್ಳುತ್ತೇನೆ. ಈಗ ಲೆಕ್ಕ ನೋಡು.

ಓಟಿಎ ಒಳಗೆ ಎರಡು ಟ್ರಾನ್ಸಿಸ್ಟರ್‌ಗಳ ಜೋಡಿ ಇದೆ. ಕೊಟ್ಟ ಬಯಾಸ್ ಕರೆಂಟನ್ನು ಆ ಜೋಡಿ ಹಂಚಿಕೊಳ್ಳುತ್ತದೆ. ಹಂಚಿಕೆ ಎಷ್ಟು ಚುರುಕು ಅನ್ನುವುದೇ ಜಿಎಂ, ಅಂದರೆ ಟ್ರಾನ್ಸ್‌ಕಂಡಕ್ಟೆನ್ಸ್.

ಜಿಎಂ = ಬಯಾಸ್ ಕರೆಂಟ್ ÷ (2 × ವಿಟಿ)

ಈ ವಿಟಿ ಅಂದರೆ ಥರ್ಮಲ್ ವೋಲ್ಟೇಜ್. ಅದನ್ನು ಪುಸ್ತಕದಲ್ಲಿ 26 ಮಿಲಿವೋಲ್ಟ್ ಅಂತ ಬರೆದು ಮುಂದೆ ಹೋಗುತ್ತಾರೆ. ನಾವೂ ಹಾಗೇ ಬಾಯಿಪಾಠ ಮಾಡುತ್ತೇವೆ. ಆದರೆ ಅದು ಸ್ಥಿರ ಅಲ್ಲ. ಕೆಲ್ವಿನ್‌ನಲ್ಲಿ ತಾಪಮಾನ ಎಷ್ಟೋ ಅದರ ಜೊತೆಗೇ ಏರುತ್ತದೆ. 30 ಡಿಗ್ರಿ ಅಂದರೆ 303 ಕೆಲ್ವಿನ್, ವಿಟಿ 26.1. 42 ಡಿಗ್ರಿ ಅಂದರೆ 315 ಕೆಲ್ವಿನ್, ವಿಟಿ 27.1.

ಬೆಳಿಗ್ಗೆಯ ಲೆಕ್ಕ. 500 ಮೈಕ್ರೋಆಂಪ್ ಅನ್ನು 52.2 ಮಿಲಿವೋಲ್ಟ್‌ನಿಂದ ಭಾಗಿಸಿದರೆ 9.58 ಮಿಲಿಸೀಮೆನ್ಸ್. ನಿನ್ನ ಡಿವೈಡರ್ 101ರಲ್ಲಿ ಒಂದು ಪಾಲು ಮಾತ್ರ ಬಿಡುತ್ತದೆ. ಉಳಿದದ್ದು 94.8 ಮೈಕ್ರೋಸೀಮೆನ್ಸ್. ಅದನ್ನು 6.28 ಸಲ 1.5 ನ್ಯಾನೋಫ್ಯಾರಡ್‌ನಿಂದ ಭಾಗಿಸು. 10.06 ಕಿಲೋಹರ್ಟ್ಸ್ ಬರುತ್ತದೆ. ನೀನು ಅಳೆದದ್ದೂ ಅದೇ, ಅಲ್ವಾ?

ಮಧ್ಯಾಹ್ನ ಅದನ್ನು 303ರಿಂದ ಗುಣಿಸಿ 315ರಿಂದ ಭಾಗಿಸು. 9.68 ಆಗುತ್ತದೆ. ನಿನಗೆ ಬಂದದ್ದು 9.63. ಆ ಉಳಿದ ಅರ್ಧ ಪರ್ಸೆಂಟ್ ಹಳದಿ ಕೆಪಾಸಿಟರ್‌ದು. ಪಾಲಿಯೆಸ್ಟರ್ ಬಿಸಿಯಾದರೆ ಡಿಗ್ರಿಗೆ ಸುಮಾರು 400 ಪಿಪಿಎಂ (ಹತ್ತು ಲಕ್ಷದಲ್ಲಿ 400 ಪಾಲು) ಏರುತ್ತದೆ. 12 ಡಿಗ್ರಿಗೆ ಅರ್ಧ ಪರ್ಸೆಂಟ್. ಲಿಂಗಸುಗೂರಿನವರು ಹೇಳಿದ್ದರಲ್ಲಿ ನಿಜ ಇದೆ, ಆದರೆ ಅದು ಚಿಕ್ಕ ಪಾಲು.

ಇನ್ನೊಂದು ಸಾಕ್ಷಿಯನ್ನೂ ನೀನೇ ಬರೆದಿದ್ದೀಯ. ಎತ್ತರ 2ರಿಂದ 2.08ಕ್ಕೆ ಏರಿತು ಅಂತ. ಫ್ರೀಕ್ವೆನ್ಸಿ ಶೇಕಡಾ 4 ಇಳಿದರೆ ಎತ್ತರ ಶೇಕಡಾ 4 ಏರಿದೆ. ಅಲೆಯ ಎತ್ತರಕ್ಕೆ ಕಡಿವಾಣ ಹಾಕುವುದು ನೆಗೆಟಿವ್ ರೆಸಿಸ್ಟರ್ ಓಟಿಎ. ಅದರ ಇನ್‌ಪುಟ್ ವಿಟಿಯ ಒಂದು ನಿಗದಿತ ಪಟ್ಟು ದಾಟಿದಾಗ ಅದು ಸೋಲಲು ಶುರು ಮಾಡುತ್ತದೆ. ವಿಟಿ ಏರಿದರೆ ಸೋಲುವ ಮಟ್ಟವೂ ಏರುತ್ತದೆ, ಎತ್ತರವೂ ಏರುತ್ತದೆ. ಆದರೆ ಆಸಿಲೇಷನ್ ನಿಲ್ಲಲಿಲ್ಲ. ಯಾಕೆಂದರೆ ಅಲ್ಲಿ ಎರಡು ಜಿಎಂಗಳ ಅನುಪಾತ ಮುಖ್ಯ. ಎರಡಕ್ಕೂ ಒಂದೇ ವಿಟಿ, ಅನುಪಾತದಲ್ಲಿ ಅದು ಹೊಡೆದುಹೋಗುತ್ತದೆ. ಫ್ರೀಕ್ವೆನ್ಸಿಯಲ್ಲಿ ಹೊಡೆದುಹೋಗಲು ಜೊತೆಗಾರ ಇಲ್ಲ.

ನಂಬಿಕೆ ಬರಲು ಒಂದು ಕೆಲಸ ಮಾಡು. ಬೆಳಿಗ್ಗೆ ತಂಪಿನಲ್ಲಿ ಫ್ರೀಕ್ವೆನ್ಸಿ ಕೌಂಟರ್ ಹಚ್ಚಿ, ಮೊದಲ ಐಸಿಯ ಬೆನ್ನ ಮೇಲೆ ಬೆರಳು ಒತ್ತಿ ಎರಡು ನಿಮಿಷ ಹಿಡಿ. ನೂರು ಹರ್ಟ್ಸ್ ಇಳಿಯುವುದು ಕಣ್ಣೆದುರಿಗೇ ಕಾಣುತ್ತದೆ. ಬೆರಳು ತೆಗೆದರೆ ಮೆಲ್ಲಗೆ ವಾಪಸ್ ಏರುತ್ತದೆ. ನಾನು ಇದನ್ನು ಕಲಿತದ್ದು ಕುಲುಮೆ ಪಕ್ಕದ ಒಂದು ಪ್ಯಾನೆಲ್‌ನಲ್ಲಿ. ಮೂರು ಐಸಿ ಬದಲಿಸಿದ್ದೆ. ಮೂರೂ ಚೆನ್ನಾಗಿಯೇ ಇದ್ದವು. ಒಂದು ದಿನ ಕೌಂಟರ್ ನೋಡುತ್ತಾ ಬೆಸುಗೆ ಕಡ್ಡಿಯನ್ನು ಐಸಿ ಹತ್ತಿರ ತಂದೆ, ಮುಟ್ಟಿಸಲಿಲ್ಲ, ಸುಮ್ನೆ ಹತ್ತಿರ ಹಿಡಿದೆ. ಕೊನೆಯ ಮೂರು ಅಂಕಿ ಜಾರಲು ಶುರುವಾದವು. ಅವತ್ತು ಗೊತ್ತಾಯಿತು.

ಈಗ ಪರಿಹಾರ. ನಿನ್ನ ಕರೆಂಟ್ ತುಂಬಾ ಸ್ಥಿರವಾಗಿದೆ. ತೊಂದರೆ ಇರುವುದೇ ಅಲ್ಲಿ. ಆ ಜಿಎಂ ಸೂತ್ರದಲ್ಲಿ ಕೆಳಗೆ ವಿಟಿ ಏರುತ್ತಿರುವಾಗ ಮೇಲೆ ಕರೆಂಟ್ ನಿಂತಲ್ಲೇ ನಿಂತಿದೆ. ಮೇಲಿನದೂ ಅಷ್ಟೇ ಪ್ರಮಾಣದಲ್ಲಿ ಏರಬೇಕು. ಆಗ ಭಾಗಾಕಾರದಲ್ಲಿ ಎರಡೂ ಹೊಡೆದುಹೋಗುತ್ತವೆ.

ಹಾಗೆ ಏರುವ ಕರೆಂಟ್ ಕೊಡುವ ಮೂರು ಕಾಲಿನ ಐಸಿ ಒಂದಿದೆ. ಎಲ್‌ಎಂ334. ಅದರ ಕರೆಂಟ್ ಕೆಲ್ವಿನ್ ತಾಪಮಾನದ ನೇರ ಅನುಪಾತದಲ್ಲಿ ಇರುತ್ತದೆ. 25 ಡಿಗ್ರಿಯಲ್ಲಿ 67.7 ಮಿಲಿವೋಲ್ಟನ್ನು ಅದರ ಸೆಟ್ ರೆಸಿಸ್ಟರ್‌ನಿಂದ ಭಾಗಿಸಿದಷ್ಟು. ಡಿಗ್ರಿಗೆ ಶೇಕಡಾ 0.336 ಏರಿಕೆ. ಎಷ್ಟೋ ಕಡೆ ಇದನ್ನು ಅದರ ದೋಷ ಅಂದುಕೊಂಡು ಡಯೋಡ್ ಸೇರಿಸಿ ಸರಿಮಾಡುತ್ತಾರೆ. ನಿನಗೆ ಬೇಕಾದದ್ದು ಅದೇ ಗುಣ.

ಟಿಎಲ್431 ತೆಗೆದುಬಿಡು. ಎಲ್‌ಎಂ334ಗೆ 680 ಓಮ್ ಹಾಕು, ಸುಮಾರು 100 ಮೈಕ್ರೋಆಂಪ್ ಬರುತ್ತದೆ. ಅದನ್ನು 24ಕೆ ಮತ್ತು 2ಕೆ ಟ್ರಿಮ್‌ಪಾಟ್ ಮೂಲಕ ಗ್ರೌಂಡ್‌ಗೆ ಬಿಡು. ಅಲ್ಲಿ 2.5 ವೋಲ್ಟ್ ನಿಲ್ಲಿಸು. ಒಂದು ಫಾಲೋಯರ್ ದಾಟಿಸಿ ಡ್ಯಾಕ್‌ನ ರೆಫರೆನ್ಸ್ ಪಿನ್‌ಗೆ ಕೊಡು. 42 ಡಿಗ್ರಿಯಲ್ಲಿ ಅದು ಸುಮಾರು 2.6 ಆಗುತ್ತದೆ, ಡ್ಯಾಕ್ 5 ವೋಲ್ಟ್‌ನಲ್ಲಿ ಓಡುವುದರಿಂದ ತೊಂದರೆ ಇಲ್ಲ. ನಿನ್ನ ಪ್ರೋಗ್ರಾಂ ಒಂದು ಸಾಲೂ ಬದಲಾಗಬೇಕಿಲ್ಲ. ಡ್ಯಾಕ್‌ಗೆ ಯಾವ ಅಂಕಿ ಬರೆದರೂ ಹೊರಬರುವ ಕರೆಂಟ್ ತಾನೇ ಬಿಸಿಲಿಗೆ ತಕ್ಕಂತೆ ಏರುತ್ತದೆ.

ಎಲ್‌ಎಂ334 ಎಲ್ಲೋ ಬೋರ್ಡಿನ ಮೂಲೆಯಲ್ಲಿ ಇರಬಾರದು. ಅದರ ಚಪ್ಪಟೆ ಮುಖವನ್ನು ಮೊದಲ ಎಲ್‌ಎಂ13700ರ ಬೆನ್ನಿಗೆ ಅಂಟಿಸು. ಸ್ವಲ್ಪ ಹೀಟ್‌ಸಿಂಕ್ ಪೇಸ್ಟ್, ಮೇಲೆ ದಾರ ಸುತ್ತಿದರೂ ಸಾಕು. ಎರಡಕ್ಕೂ ಒಂದೇ ಬಿಸಿ ತಾಗಬೇಕು.

ಇನ್ನೆರಡು ಮಾತು. ಒಂದೇ ಕರೆಂಟನ್ನು ಮೊದಲ ಐಸಿಯ 1 ಮತ್ತು 16ನೇ ಬಯಾಸ್ ಪಿನ್‌ಗೆ ಹಂಚುತ್ತಿದ್ದರೆ ಪ್ರತಿಯೊಂದಕ್ಕೂ 4.7ಕೆ ಸರಣಿಯಲ್ಲಿ ಇಡು, ಇಲ್ಲದಿದ್ದರೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಆ ಪಿನ್‌ಗಳಿಗೆ 2 ಮಿಲಿಆಂಪ್ ಗರಿಷ್ಠ. ಟೆಸ್ಟ್ ಮಾಡುವಾಗ ವೈರ್ ತಪ್ಪಿ ಪ್ಲಸ್ 12 ನೇರ ತಾಗಿದರೆ ಐಸಿ ಅಲ್ಲೇ ಹೋಗುತ್ತದೆ. ಪಾಲಿಯೆಸ್ಟರ್ ಬದಲು ಪಾಲಿಸ್ಟೈರೀನ್ ಅಥವಾ ಸಿ0ಜಿ ಸೆರಾಮಿಕ್ ಹಾಕು. ಎರಡೂ 1.5 ನ್ಯಾನೋದಲ್ಲಿ ಸಿಗುತ್ತವೆ.

ಕೊಪ್ಪಳ ಕೋಡ್:

ಬಳ್ಳಾರಿ ಅಣ್ಣನ ವಿವರಣೆ ಇಷ್ಟವಾಯಿತು. ನನ್ನದು ಎರಡು ಬೇರೆ ದಾರಿ.

ಹೇಗೂ ಮೈಕ್ರೋಕಂಟ್ರೋಲರ್ ಇದೆಯಲ್ಲ. ಅಲೆಯನ್ನು ಕಂಪರೇಟರ್‌ಗೆ ಕೊಟ್ಟು 100 ಮಿಲಿಸೆಕೆಂಡ್‌ನಲ್ಲಿ ಎಷ್ಟು ಸುತ್ತು ಅಂತ ಎಣಿಸಿ. 10 ಕಿಲೋಹರ್ಟ್ಸ್‌ಗೆ ಸಾವಿರ ಬರಬೇಕು. ಕಡಿಮೆ ಬಂದರೆ ಡ್ಯಾಕ್ ಅಂಕಿ ಏರಿಸಿ. ತಾಪಮಾನದ ಯೋಚನೆಯೇ ಬೇಡ.

ಇನ್ನೊಂದು, ಎಡಿ844. ಇದು ಕರೆಂಟ್ ಫೀಡ್‌ಬ್ಯಾಕ್ ಆಂಪ್. ಇದರ ಒಳಗಿರುವುದು ಒಂದು ಕರೆಂಟ್ ಕನ್ವೇಯರ್ (ಒಂದು ಪಿನ್ನಿನ ಕರೆಂಟನ್ನು ಇನ್ನೊಂದಕ್ಕೆ ದಾಟಿಸುವ ಬ್ಲಾಕ್), ಸ್ಮಿತ್ ಮತ್ತು ಸೆಡ್ರಾ 1968ರಲ್ಲಿ ಮುಂದಿಟ್ಟು 1970ರಲ್ಲಿ ಎರಡನೇ ಪೀಳಿಗೆ ಮಾಡಿದರಲ್ಲ, ಅದೇ ಜಾತಿ. 5ನೇ ಪಿನ್‌ನಲ್ಲಿ ಒಳಗಿನ ಕರೆಂಟ್ ಔಟ್‌ಪುಟ್ ಕೈಗೆ ಸಿಗುತ್ತದೆ. ದೆಹಲಿಯ ರಾಜ್ ಸೇನಾನಿ ಅವರು ಇಂಥ ಆಂಪ್‌ಗಳಿಂದ ಒಂದೇ ರೆಸಿಸ್ಟರ್‌ನಲ್ಲಿ ಫ್ರೀಕ್ವೆನ್ಸಿ ಬದಲಾಗುವ ಆಸಿಲೇಟರ್‌ಗಳ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಅಲ್ಲಿ ಫ್ರೀಕ್ವೆನ್ಸಿ ರೆಸಿಸ್ಟರ್ ಮತ್ತು ಕೆಪಾಸಿಟರ್ ಮೇಲೆ ನಿಂತಿದೆ, ವಿಟಿ ಬರುವುದೇ ಇಲ್ಲ.

ಕೌಲ್ ಬಜಾರ್ ಬೆಸುಗೆ:

ಎಣಿಸಿ ತಿದ್ದುವುದು ಒಳ್ಳೆಯ ದಾರಿ, ಬೇಡ ಅನ್ನುವುದಿಲ್ಲ. ಆದರೆ 1 ಕಿಲೋಹರ್ಟ್ಸ್‌ನಲ್ಲಿ 100 ಮಿಲಿಸೆಕೆಂಡ್‌ಗೆ ನೂರೇ ಸುತ್ತು. ಒಂದು ಸುತ್ತು ತಪ್ಪಿದರೆ ಶೇಕಡಾ ಒಂದು ಹೋಯಿತು. ಅಲ್ಲಿ ಸುತ್ತು ಎಣಿಸದೆ ಒಂದು ಸುತ್ತಿನ ಕಾಲ ಅಳೆಯಬೇಕು. ಮೊದಲು ಬೇರಿನಲ್ಲಿ ಸರಿಮಾಡಿ, ಉಳಿದ ಚೂರನ್ನು ಪ್ರೋಗ್ರಾಂನಲ್ಲಿ ತಿದ್ದಿದರೆ ಚೆಂದ.

ಎಡಿ844 ಬಗ್ಗೆ ನೀವು ಹೇಳಿದ್ದು ಸರಿ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ 2000 ವೋಲ್ಟ್ ಏರುವ ವೇಗ ಅದಕ್ಕಿದೆ, ಮೆಗಾಹರ್ಟ್ಸ್ ಕೆಲಸಕ್ಕೆ ಅದೇ ಬೇಕು. ಆದರೆ ಟ್ಯೂನ್ ಮಾಡಲು ರೆಸಿಸ್ಟರನ್ನೇ ಬದಲಿಸಬೇಕು. ಅಲ್ಲಿ ಫೆಟ್ ಕೂರಿಸಿದರೆ ಅಲೆ ಸೊಟ್ಟಗಾಗುತ್ತದೆ, ಫೆಟ್‌ಗೂ ಬಿಸಿ ತಾಗುತ್ತದೆ. ಡಿಜಿಟಲ್ ಪಾಟ್ ಹಾಕಿದರೆ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಕರೆಂಟಿನಿಂದ ಟ್ಯೂನ್ ಆಗುವ ಕನ್ವೇಯರ್ ಕೂಡ ಇದೆ. ಅದರಲ್ಲಿ ಕರೆಂಟ್ ಒಳಬರುವ ಎಕ್ಸ್ ಪಿನ್‌ನ ಒಳ ರೆಸಿಸ್ಟೆನ್ಸನ್ನೇ ಟ್ಯೂನಿಂಗ್‌ಗೆ ಬಳಸುತ್ತಾರೆ. ಆ ರೆಸಿಸ್ಟೆನ್ಸ್ ಎಷ್ಟು ಗೊತ್ತಾ? ವಿಟಿ ಭಾಗಿಸು ಬಯಾಸ್ ಕರೆಂಟಿನ ಎರಡರಷ್ಟು. ಮತ್ತೆ ಅದೇ ವಿಟಿ. ಬೈಪೋಲಾರ್ ಟ್ರಾನ್ಸಿಸ್ಟರ್‌ನಿಂದ ಮಾಡಿದ, ಕರೆಂಟಿಗೆ ಬಗ್ಗುವ ಯಾವ ಬ್ಲಾಕ್ ತಗೊಂಡರೂ ಒಳಗೆ ಅದು ಕೂತಿರುತ್ತದೆ. ಹಾಗಾಗಿ ಇವಳು ಈಗ ಕಲಿತದ್ದು ಮುಂದೆ ಎಲ್ಲ ಕಡೆಗೂ ಬರುತ್ತದೆ.

ಗಂಗಾವತಿ ಗಿರಣಿ:

ನನಗೆ ಐಸಿ ವಿಷಯ ಗೊತ್ತಿಲ್ಲ. ನಮ್ಮದು ಅಕ್ಕಿ ಗಿರಣಿ. ಭತ್ತದ ಮಾತು ಬಂತು ಅಂತ ಬರೆಯುತ್ತಿದ್ದೇನೆ.

ಒಣ ಹಾಕಿದ ಕಣದಿಂದ ಆಗಷ್ಟೇ ಎತ್ತಿದ ಭತ್ತವನ್ನು ನಾವು ಮೀಟರಿಗೆ ಹಾಕುವುದಿಲ್ಲವಮ್ಮ. ಕೈಗೆ ಬಿಸಿ ತಾಗುತ್ತಿರುತ್ತದೆ. ಹಾಗೇ ಹಾಕಿದರೆ ರೀಡಿಂಗ್ ಜಾಸ್ತಿ ತೋರಿಸುತ್ತದೆ, ಭತ್ತ ಅಷ್ಟು ಹಸಿ ಇಲ್ಲದಿದ್ದರೂ. ಮುಚ್ಚಳ ಬಿಗಿ ಇರುವ ಡಬ್ಬಿಗೆ ತುಂಬಿ ನೆರಳಿನಲ್ಲಿ ಒಂದು ತಾಸು ಇಟ್ಟು, ಕೈಗೆ ತಣ್ಣಗಾದ ಮೇಲೆ ಹಾಕುತ್ತೇವೆ. ಮುಚ್ಚಳ ತೆಗೆದಿಟ್ಟರೆ ಆರಿಹೋಗಿ ಲೆಕ್ಕ ತಪ್ಪುತ್ತದೆ. ಕೆಲವು ಮೀಟರ್‌ಗಳಲ್ಲಿ ಬಿಸಿಗೆ ತಿದ್ದುವ ವ್ಯವಸ್ಥೆ ಇರುತ್ತದೆ, ಆದರೆ ಅದು ನೋಡುವುದು ಮೀಟರಿನ ಬಿಸಿ. ಕಾಳಿನ ಬಿಸಿ ಬೇರೆ ಇದ್ದರೆ ಏನು ಮಾಡೀತು?

ನಿಮ್ಮ ಅಪ್ಪನ ರಾಶಿಯನ್ನು ಮಧ್ಯಾಹ್ನ ಎಲ್ಲಿಂದ ತೆಗೆದು ಹಾಕಿದರು ಅಂತ ಕೇಳಿ ನೋಡಿ.

ಸಿಂಧನೂರು ಹುಡುಗಿ:

ಹನ್ನೊಂದು ದಿನ ಆಯಿತು, ಉತ್ತರ ಬರೆಯಲು ತಡವಾಯಿತು. ಎಲ್‌ಎಂ334 ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಕೊರಿಯರ್‌ನಲ್ಲಿ ಬರಬೇಕಾಯಿತು.

ಮೊದಲು ಬೆರಳು ಇಟ್ಟು ನೋಡಿದೆ. 10.06ರಿಂದ ಇಳಿಯುತ್ತಾ 9.93ಕ್ಕೆ ಬಂದು ನಿಂತಿತು. ಬೆರಳು ತೆಗೆದೆ, ಮತ್ತೆ ಏರಿತು. ಲ್ಯಾಬ್‌ನಲ್ಲಿದ್ದ ಗೆಳತಿಯರನ್ನೆಲ್ಲ ಕರೆದು ತೋರಿಸಿದೆ. ಒಬ್ಬೊಬ್ಬರೂ ಬೆರಳು ಇಟ್ಟು ನೋಡಿದರು.

ಆಮೇಲೆ ಅಣ್ಣ ಹೇಳಿದ ಹಾಗೇ ಮಾಡಿದೆ. ಎಲ್‌ಎಂ334 ಅನ್ನು ಐಸಿ ಬೆನ್ನಿಗೆ ಪೇಸ್ಟ್ ಹಚ್ಚಿ, ಅಮ್ಮನ ಹೊಲಿಗೆ ದಾರದಿಂದ ಕಟ್ಟಿದ್ದೇನೆ. ಕೆಪಾಸಿಟರ್ ಪಾಲಿಸ್ಟೈರೀನ್. ಟ್ರಿಮ್‌ಪಾಟ್ ತಿರುಗಿಸಿ ಬೆಳಿಗ್ಗೆ 10.06ಕ್ಕೆ ನಿಲ್ಲಿಸಿದೆ. ಮಧ್ಯಾಹ್ನ ಗೋಡೆಯ ಥರ್ಮಾಮೀಟರ್ 42 ತೋರಿಸುತ್ತಿತ್ತು. ಕೌಂಟರ್‌ನಲ್ಲಿ 10.07. ಮೂರು ದಿನ ನೋಡಿದೆ, ಅಷ್ಟೇ. ಎತ್ತರ ಈಗಲೂ 2.08 ಆಗುತ್ತದೆ, ಅದು ಭಾಗಾಕಾರದಲ್ಲಿ ಹೋಗುತ್ತದೆ.

ಬೆರಳು ಪರೀಕ್ಷೆಯನ್ನೂ ಮತ್ತೆ ಮಾಡಿದೆ. ಈಗ ಒತ್ತಿದ ಕೂಡಲೇ ಸ್ವಲ್ಪ ಕುಲುಕಿ, ಅರ್ಧ ನಿಮಿಷದಲ್ಲಿ ಹಿಂದಿನ ಜಾಗಕ್ಕೇ ಬರುತ್ತದೆ. ಎಲ್‌ಎಂ334ಗೆ ಬಿಸಿ ದಾಟಲು ಅಷ್ಟು ಹೊತ್ತು ಬೇಕು ಅನ್ನಿಸುತ್ತದೆ.

ಗಂಗಾವತಿ ಸರ್, ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಬೆಳಿಗ್ಗೆ ತಾಡಪಾಲಿನ ಕೆಳಗಿಂದ ತೆಗೆದದ್ದು. ಮಧ್ಯಾಹ್ನ ಬಿಸಿಲಿಗೆ ಹರವಿದ್ದ ಅಂಚಿನಿಂದ ಒಂದು ಬೊಗಸೆ ಎತ್ತಿ ನೇರ ಮೀಟರಿಗೆ ಹಾಕಿದರಂತೆ. "ಕಾಳು ಕೈ ಸುಡುತ್ತಿತ್ತು" ಅಂದರು.

ಮನೆಯಿಂದ ಎರಡು ಕೆಜಿ ಭತ್ತ ತರಿಸಿಕೊಂಡಿದ್ದೇನೆ. ಮುಚ್ಚಳ ಹಾಕಿದ ಡಬ್ಬಿಗಳಲ್ಲಿ ಒಂದು ನೆರಳಿಗೆ, ಒಂದು ಲ್ಯಾಬ್ ಕಿಟಕಿಯ ಬಿಸಿಲಿಗೆ ಇಟ್ಟಿದ್ದೇನೆ. ಡಬ್ಬಿಯ ನಡುವೆ ಕಾಳಿನೊಳಗೇ ಒಂದು ಥರ್ಮಿಸ್ಟರ್ ಹೂತಿದ್ದೇನೆ. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಅರ್ಧ ತಾಸಿಗೊಮ್ಮೆ 1, 5, 10, 20 ಕಿಲೋಹರ್ಟ್ಸ್‌ನಲ್ಲಿ ರೀಡಿಂಗ್ ಬರೆಯುತ್ತೇನೆ. ಅಂಕಿಗಳು ಬಂದ ಮೇಲೆ ಇಲ್ಲೇ ಹಾಕುತ್ತೇನೆ.